ಚಿಕಿತ್ಸಾ ಕಾರ್ಯಪುಸ್ತಿಕೆಗಳ ಹೊಣೆಯರಿತ ಬಳಕೆ: ಅಧ್ಯಯನ ಟಿಪ್ಪಣಿ

ಮಾನಸಿಕ ಆರೋಗ್ಯ ಸೇವೆಯಲ್ಲಿ ಕಾರ್ಯಪುಸ್ತಿಕೆ ಎಂದರೆ ಸೇವಾರ್ಥಿಯು ಸ್ವತಃ ಬರೆದು ತುಂಬಬೇಕಾದ ಹಾಳೆಗಳು, ಮಾಡಿ ನೋಡಬೇಕಾದ ಅಭ್ಯಾಸಗಳು ಮತ್ತು ಅವುಗಳ ನಡುವೆ ಬರುವ ಕಿರುವಿವರಣೆಗಳ ಸಂಕಲನ. ಆಲೋಚನಾ ದಾಖಲೆ, ಚಟುವಟಿಕೆಯ ವೇಳಾಪಟ್ಟಿ, ಭಯದ ಏಣಿ (ಹೆದರಿಕೆಯ ಸನ್ನಿವೇಶಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದ ಪಟ್ಟಿ), ನಿದ್ರೆಯ ದಿನಚರಿ ಮುಂತಾದ ಹಾಳೆಗಳಲ್ಲಿ ಹೆಚ್ಚಿನವು ವರ್ತನಾ ಚಿಕಿತ್ಸೆಯಿಂದಲೂ 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಯಿಂದಲೂ ಬಂದವು. ಇವು ಸುಲಭವಾಗಿ ಸಿಗುತ್ತವೆ, ಅಚ್ಚುಕಟ್ಟಾಗಿ ಕಾಣುತ್ತವೆ, ಹೊಸದಾಗಿ ಅಭ್ಯಾಸಕ್ಕಿಳಿದವರಿಗೆ ಒಂದು ಬಗೆಯ ಧೈರ್ಯವನ್ನೂ ಕೊಡುತ್ತವೆ. ಆದರೆ ಯಾವ ಹಾಳೆ, ಯಾರಿಗೆ, ಯಾವಾಗ ಎಂದು ನಿರ್ಧರಿಸುವುದೂ, ತುಂಬಿ ಬಂದದ್ದನ್ನು ಕೂತು ಓದುವುದೂ ವೃತ್ತಿಪರರ ಕೆಲಸವೇ. ಇವೆರಡರ ನಡುವಿನ ಬರವಣಿಗೆಯಷ್ಟೇ ಸೇವಾರ್ಥಿಯದು.

ಪುಸ್ತಿಕೆಯನ್ನು ಕೈಗಿತ್ತು ಕಳಿಸಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಳೆಯದೊಂದು ಅಧ್ಯಯನ ಸರಣಿ ಇಂದಿಗೂ ಒಳ್ಳೆಯ ಪಾಠ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜೆರಾಲ್ಡ್ ರೋಸೆನ್ ಮತ್ತು ಅವರ ಸಹೋದ್ಯೋಗಿಗಳು ಹಾವಿನ ವಿಪರೀತ ಭಯವಿದ್ದವರಿಗೆ ತಾವೇ ಓದಿ ಅನುಸರಿಸುವಂಥ ಕೈಪಿಡಿಯೊಂದನ್ನು ಕೊಟ್ಟು ಪರೀಕ್ಷಿಸಿದರು. ಪೂರ್ಣಗೊಳಿಸಿದವರಿಗೆ ಅದು ಪ್ರಯೋಜನಕಾರಿಯಾಗಿತ್ತು, ಆದರೆ ಸುಮಾರು ಅರ್ಧದಷ್ಟು ಜನ ಅದನ್ನು ಪೂರ್ಣಗೊಳಿಸಲೇ ಇಲ್ಲ. ಈ ಕೊರತೆಯನ್ನು ನೀಗಿಸಲೆಂದು, ತಮಗೆ ತಾವೇ ಬಹುಮಾನ ಕೊಟ್ಟುಕೊಳ್ಳುವ ಒಪ್ಪಂದವೊಂದನ್ನು ಮುಂದಿನ ಆವೃತ್ತಿಯಲ್ಲಿ ಸೇರಿಸಿದಾಗ, ಮನೆಯಲ್ಲಿ ಒಬ್ಬರೇ ಕೈಪಿಡಿಯನ್ನು ಪೂರ್ಣಗೊಳಿಸುವವರ ಪ್ರಮಾಣ ಸೊನ್ನೆಗೆ ಇಳಿಯಿತು. ಸದುದ್ದೇಶದ, ತರ್ಕಬದ್ಧವೆಂದೇ ತೋರುವ ಒಂದು ಸೇರ್ಪಡೆ ಕೆಲಸ ಮಾಡುತ್ತಿದ್ದ ಸಾಮಗ್ರಿಯನ್ನು ಕೆಡಿಸಬಲ್ಲದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಒಂದು ಪುಸ್ತಿಕೆಯಿಂದ ಎರಡು ಹಾಳೆ, ಇನ್ನೊಂದರಿಂದ ಮೂರು ಹಾಳೆ ಆಯ್ದು, ನಡುವೆ ನಮ್ಮದೇ ನಾಲ್ಕು ಸಾಲು ಸೇರಿಸಿ ಕೊಡುವಾಗ, ಮೂಲ ಪುಸ್ತಿಕೆಯ ಹಿಂದಿರುವ ಪುರಾವೆ ನಮ್ಮ ಈ ಹೊಸ ಜೋಡಣೆಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಮಾರ್ಗದರ್ಶನವಿರುವ ಸ್ವಸಹಾಯವು ಮಾರ್ಗದರ್ಶನವಿಲ್ಲದ್ದಕ್ಕಿಂತ ಸಾಮಾನ್ಯವಾಗಿ ಹೆಚ್ಚು ಫಲಕಾರಿ ಎಂಬುದು ನಂತರದ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯು 2022ರ ಖಿನ್ನತೆಯ ಮಾರ್ಗಸೂಚಿಯಲ್ಲಿ ಕಡಿಮೆ ತೀವ್ರತೆಯ ಖಿನ್ನತೆಗೆ ಮೊದಲು ಪರಿಗಣಿಸಬೇಕೆಂದು ಹೇಳುವುದು ತರಬೇತಿ ಪಡೆದವರ ಬೆಂಬಲವಿರುವ ಸ್ವಸಹಾಯವನ್ನು.

ಓದುವುದು ಎಂದರೇನು ಎಂಬುದನ್ನು ಆಲೋಚನಾ ದಾಖಲೆಯನ್ನೇ ಇಟ್ಟುಕೊಂಡು ನೋಡೋಣ. ಇದರಲ್ಲಿ ಸಾಮಾನ್ಯವಾಗಿ ಸನ್ನಿವೇಶ, ಭಾವನೆ ಮತ್ತು ಅದರ ತೀವ್ರತೆ, ಆ ಕ್ಷಣ ತಾನಾಗಿ ಮೂಡಿದ ಆಲೋಚನೆ, ಅದರ ಪರವಾದ ಹಾಗೂ ವಿರುದ್ಧವಾದ ಆಧಾರ, ಹೆಚ್ಚು ಸಮತೋಲನದ ಇನ್ನೊಂದು ಆಲೋಚನೆ ಎಂಬ ಅಂಕಣಗಳಿರುತ್ತವೆ. ಒಬ್ಬ ಕಾಲ್ಪನಿಕ ಸೇವಾರ್ಥಿ ಹೀಗೆ ತುಂಬಿದ್ದಾರೆ ಎಂದುಕೊಳ್ಳಿ: ಸನ್ನಿವೇಶ, ‘ಮೇಲಧಿಕಾರಿ ನನ್ನ ಸಂದೇಶಕ್ಕೆ ಉತ್ತರಿಸಲಿಲ್ಲ’, ಭಾವನೆ, ‘ಆತಂಕ, 100ಕ್ಕೆ 80’, ಆಲೋಚನೆ, ‘ಯಾಕೆ ಉತ್ತರಿಸಲಿಲ್ಲ?’ ಮುಂದಿನ ಅಂಕಣಗಳು ಖಾಲಿ. ಇದನ್ನು ಅಪೂರ್ಣ ಮನೆಕೆಲಸವೆಂದು ಬದಿಗಿಟ್ಟರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಪ್ರಶ್ನೆಗೆ ಪರ-ವಿರೋಧದ ಆಧಾರ ಹುಡುಕಲಾಗದು, ಆದ್ದರಿಂದಲೇ ಅವರು ಅಲ್ಲಿಗೆ ನಿಂತಿದ್ದಾರೆ. ‘ಈ ಪ್ರಶ್ನೆಗೆ ಆ ಹೊತ್ತಿನಲ್ಲಿ ನಿಮ್ಮ ಮನಸ್ಸು ಕೊಟ್ಟುಕೊಂಡ ಅತಿ ಕೆಟ್ಟ ಉತ್ತರ ಯಾವುದು?’ ಎಂದು ಕೇಳಿದರೆ ‘ನನ್ನನ್ನು ಕೆಲಸದಿಂದ ತೆಗೆಯುತ್ತಾರೆ’ ಎಂಬ ಹೇಳಿಕೆ ಹೊರಬರಬಹುದು. 80ರಷ್ಟು ಆತಂಕಕ್ಕೆ ತಕ್ಕ ಆಲೋಚನೆ ಅದು, ಮತ್ತು ಅದನ್ನು ಪರಿಶೀಲಿಸಲು ಸಾಧ್ಯ. ಅಲ್ಲದೆ ಆ ಆಲೋಚನೆ ನಿಜವೂ ಆಗಿರಬಹುದು ಎಂಬುದನ್ನು ಮರೆಯಬಾರದು. ನಿಜಕ್ಕೂ ಕೆಲಸ ಹೋಗುವ ಸ್ಥಿತಿಯಿದ್ದರೆ, ಅಥವಾ ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ, ‘ಸಮತೋಲನದ ಆಲೋಚನೆ’ಯ ಅಂಕಣವನ್ನು ತುಂಬಿಸುವುದೆಂದರೆ ಸಮಸ್ಯೆಯನ್ನು ಆ ವ್ಯಕ್ತಿಯ ತಲೆಗೇ ಕಟ್ಟಿದಂತೆ. ಆಗ ಬೇಕಾದದ್ದು ಸಮಸ್ಯೆ ಪರಿಹಾರದ ಹಾಳೆ ಅಥವಾ ರಕ್ಷಣೆಯ ವ್ಯವಸ್ಥೆ.

ತುಂಬದೆ ಬಂದ ಹಾಳೆಯ ವಿಷಯಕ್ಕೂ ಇದೇ ಮಾತು ಸಲ್ಲುತ್ತದೆ. ಏಕಾಗ್ರತೆಯ ಕೊರತೆ ಖಿನ್ನತೆಯ ಲಕ್ಷಣಗಳಲ್ಲೇ ಒಂದು. ಓದುಬರಹದ ಅಭ್ಯಾಸ ತಪ್ಪಿದವರೂ ಇರುತ್ತಾರೆ, ತಪ್ಪಾದೀತೆಂಬ ಹೆದರಿಕೆಯಿಂದ ಪೆನ್ನು ಎತ್ತದವರೂ ಇರುತ್ತಾರೆ. ಇದನ್ನೆಲ್ಲ ‘ಸಹಕರಿಸುತ್ತಿಲ್ಲ’ ಎಂಬ ಒಂದೇ ಪದದಲ್ಲಿ ಟಿಪ್ಪಣಿಗೆ ಇಳಿಸುವ ರೂಢಿ ನಮ್ಮ ವೃತ್ತಿಗೆ ಶೋಭೆಯಲ್ಲ. ಮೊದಲ ಹಾಳೆಯನ್ನು ಭೇಟಿಯ ಅವಧಿಯಲ್ಲೇ ಜೊತೆಗೂಡಿ ತುಂಬುವುದು ಇಂಥ ಅಡಚಣೆಗಳನ್ನು ಮುಂಚಿತವಾಗಿ ತೋರಿಸಿಕೊಡುತ್ತದೆ.

ಪುಸ್ತಿಕೆಗಳಲ್ಲಿ ಸೇರಿಕೊಂಡಿರುವ ಮಾಪಕಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿಗೆ 0ಯಿಂದ 3ರವರೆಗೆ ಅಂಕ, ಗರಿಷ್ಠ ಮೊತ್ತ 27. ಒಬ್ಬರ ಮೊತ್ತ 7 ಬಂದರೆ ಅದು ಸೌಮ್ಯ ಶ್ರೇಣಿಗೇ ಸೇರುತ್ತದೆ. ಆದರೆ ಸಾಯುವ ಅಥವಾ ತನ್ನನ್ನು ನೋಯಿಸಿಕೊಳ್ಳುವ ಆಲೋಚನೆಯನ್ನು ಕುರಿತ ಒಂಬತ್ತನೆಯ ಪ್ರಶ್ನೆಗೆ ಅವರು 1 ಎಂದು ಗುರುತು ಹಾಕಿದ್ದರೆ, ಮೊತ್ತ ಎಷ್ಟೇ ಕಡಿಮೆಯಿರಲಿ, ಅದರ ಬಗ್ಗೆ ಆ ಭೇಟಿಯಲ್ಲೇ ನೇರವಾಗಿ ವಿಚಾರಿಸಬೇಕು. ಭೇಟಿಗಳ ನಡುವೆ ತುಂಬಲು ಇಂಥ ಹಾಳೆಯನ್ನು ಮನೆಗೆ ಕೊಡುವವರು, ಅದನ್ನು ಯಾರು ಯಾವಾಗ ನೋಡುತ್ತಾರೆ ಮತ್ತು ತುರ್ತಿದ್ದರೆ ಸೇವಾರ್ಥಿ ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಮೊದಲೇ ತಿಳಿಸಿರಬೇಕು. ಮುಂದಿನ ವಾರದವರೆಗೆ ಯಾರೂ ನೋಡದ ಕಾಗದದ ಮೇಲೆ ಒಬ್ಬರು ತಮ್ಮ ಸಾವಿನ ಆಲೋಚನೆಯನ್ನು ಬರೆದಿಡುವಂಥ ಪರಿಸ್ಥಿತಿಯನ್ನು ನಾವೇ ನಿರ್ಮಿಸಬಾರದು.

ಕೆಲವು ತೊಂದರೆಗಳಲ್ಲಿ ಬರವಣಿಗೆಯೇ ಕಾಯಿಲೆಯ ಭಾಗವಾಗಿಬಿಡುವುದುಂಟು. ಗೀಳು ಕಾಯಿಲೆ (ಒಸಿಡಿ) ಇರುವವರು ಆಲೋಚನಾ ದಾಖಲೆಯನ್ನು ಮತ್ತೆ ಮತ್ತೆ ತುಂಬಿ ತಮಗೆ ತಾವೇ ಭರವಸೆ ಕೊಟ್ಟುಕೊಳ್ಳುವ ಹೊಸ ಆಚರಣೆಯಾಗಿ ಬಳಸಬಹುದು. ಆಘಾತದ ವಿವರವಾದ ವೃತ್ತಾಂತ ಬರೆಯಿಸುವ ವಿಧಾನಗಳಿಗೆ ಪುರಾವೆಯಿದೆ, ಆದರೆ ಅವು ಸಿದ್ಧತೆಯನ್ನೂ ಆ ವಿಧಾನದಲ್ಲಿ ತರಬೇತಿಯನ್ನೂ ಬೇಡುತ್ತವೆ. ಮೊದಲ ಭೇಟಿಯ ಕೊನೆಯಲ್ಲಿ ಮನೆಗೆ ಕಳಿಸಿಕೊಡುವ ಕೆಲಸ ಅದಲ್ಲ. ಉನ್ಮಾದ ಅಥವಾ ತೀವ್ರ ಮನೋವಿಕೃತಿಯ ಹಂತದಲ್ಲಿರುವವರಿಗೆ ಪುಸ್ತಿಕೆಗಿಂತ ಮೊದಲು ವೈದ್ಯಕೀಯ ಆರೈಕೆ ದೊರೆಯಬೇಕು.

ಗೌಪ್ಯತೆಯ ಪ್ರಶ್ನೆ ಚಿಕಿತ್ಸಾ ಕೊಠಡಿಯ ಬಾಗಿಲಿಗೆ ಮುಗಿಯುವುದಿಲ್ಲ. ಸೇವಾರ್ಥಿಯ ಪುಸ್ತಿಕೆ ಮನೆಯಲ್ಲಿ ಯಾರ ಕೈಗೂ ಸಿಗಬಹುದು. ಎಲ್ಲಿಡುವಿರಿ, ಯಾರು ಓದುವ ಸಾಧ್ಯತೆಯಿದೆ, ಓದಿದರೆ ನಿಮಗೆ ಅಪಾಯವಿದೆಯೇ ಎಂದು ಕೊಡುವಾಗಲೇ ಕೇಳಬೇಕು, ಅಗತ್ಯವಿದ್ದರೆ ಹಾಳೆಗಳನ್ನು ಚಿಕಿತ್ಸಕರ ಬಳಿಯೇ ಇರಿಸಿಕೊಳ್ಳಬೇಕು. ಪ್ರತಿ ತೆಗೆದುಕೊಂಡು ಕಡತಕ್ಕೆ ಸೇರಿಸಿದರೆ ಅದೂ ದಾಖಲೆಯಾಗುತ್ತದೆ, ಹಾಗಾಗಿ ಅದಕ್ಕೆ ಸೇವಾರ್ಥಿಯ ಒಪ್ಪಿಗೆ ಬೇಕು.

ಕೃತಿಸ್ವಾಮ್ಯದ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಪಿಎಚ್‌ಕ್ಯೂ-9 ಅನ್ನು ಅನುಮತಿಯಿಲ್ಲದೆ ಮುದ್ರಿಸಿ ಬಳಸಬಹುದು, 1996ರಲ್ಲಿ ಪರಿಷ್ಕೃತವಾದ ಬೆಕ್ ಖಿನ್ನತಾ ಮಾಪಕವನ್ನು ಹಾಗೆ ಬಳಸುವಂತಿಲ್ಲ, ಅದನ್ನು ಖರೀದಿಸಬೇಕು. ಹಲವು ಕಾರ್ಯಪುಸ್ತಿಕೆಗಳು ಕೊಂಡ ವೃತ್ತಿಪರರು ತಮ್ಮ ಸೇವಾರ್ಥಿಗಳಿಗಾಗಿ ಮಾತ್ರ ಕೆಲವು ಹಾಳೆಗಳನ್ನು ನಕಲು ಮಾಡಿಕೊಳ್ಳಲು ಅನುಮತಿಸುತ್ತವೆ. ಅದೇ ಹಾಳೆಯನ್ನು ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಹಾಕುವುದು ಆ ಅನುಮತಿಯೊಳಗೆ ಬರುವುದಿಲ್ಲ.