ಓದುಗರ ಪ್ರಶ್ನೆ: ಊರಿನ ಸಾಕರ್ ಕ್ಲಬ್ಬೇ, ದೂರದ ದೊಡ್ಡ ಕ್ಲಬ್ಬೇ?

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ. ಇದುವರೆಗೆ ಎಲ್ಲರನ್ನೂ ಸೇರಿಸಿಕೊಳ್ಳುವ ರೆಕ್ ಲೀಗಿನಲ್ಲಿ ಆಡಿದ್ದಾಳೆ. ಈಗ ಊರಿನ ಸಮುದಾಯ ಕ್ಲಬ್ಬಿನ ಸ್ಪರ್ಧಾತ್ಮಕ ತಂಡಕ್ಕೆ ಟ್ರೈಔಟ್ (ಆಯ್ಕೆ ಪರೀಕ್ಷೆ) ಕೊಡಿಸಬೇಕೆಂದಿದ್ದೇವೆ. ಆದರೆ ಮುಂದೆ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಸಿಗಬೇಕಾದರೆ ಈಗಲೇ ಮುಕ್ಕಾಲು ಗಂಟೆ ದೂರದ ದೊಡ್ಡ ಕ್ಲಬ್ಬಿಗೆ ಸೇರಿಸಬೇಕು ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ಪ್ರತಿ ವರ್ಷ ಟ್ರೈಔಟ್ ಕಾಲ ಹತ್ತಿರವಾದಂತೆ ಅಮೆರಿಕದ ಒಂದಲ್ಲ ಒಂದು ರಾಜ್ಯದಿಂದ ಕನ್ನಡದ ತಂದೆತಾಯಿಗಳು ಇದೇ ಪ್ರಶ್ನೆಯನ್ನು ಕೇಳುತ್ತಾರೆ, ಮತ್ತು ಪ್ರತಿ ವರ್ಷವೂ ನನ್ನ ಉತ್ತರ ಒಂದೇ: ಊರಿನ ಕ್ಲಬ್ಬಿಗೆ ಸೇರಿಸಿ. ಅಭ್ಯಾಸ ವಾರಕ್ಕೆ ಎರಡು ಅಥವಾ ಮೂರು ಸಂಜೆ ಇರುತ್ತದೆ, ಪಂದ್ಯ ವಾರಾಂತ್ಯಕ್ಕೆ. ಮನೆಗೆ ಹತ್ತು ನಿಮಿಷದ ಹಾದಿಯಲ್ಲಿ ಮೈದಾನವಿದ್ದರೆ ಮಗು ಹೋಂವರ್ಕ್ ಮುಗಿಸಿ, ಊಟ ಮಾಡಿ, ಹೊತ್ತಿಗೆ ಸರಿಯಾಗಿ ಮಲಗುತ್ತದೆ, ಭಾನುವಾರದ ಕನ್ನಡ ತರಗತಿಯೂ ತಪ್ಪುವುದಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕಳೆಯುವ ಒಂದೂವರೆ ಗಂಟೆಯಿಂದ ಯಾವ ಮಗುವಿನ ಆಟವೂ ಸುಧಾರಿಸಿಲ್ಲ.

ಸೇರುವ ಕ್ರಮ ಸರಳವಾದದ್ದರಿಂದ ಬೇಗ ಹೇಳಿಬಿಡುತ್ತೇನೆ. ಟ್ರೈಔಟ್‌ಗೆ ಹೆಸರು ನೋಂದಾಯಿಸಿ, ಮಗು ಆಡಿದ ಮೇಲೆ ಕ್ಲಬ್ ತಂಡದಲ್ಲಿ ಸ್ಥಾನ ನೀಡಿದರೆ, ಅದನ್ನು ಒಪ್ಪಿಕೊಳ್ಳಲು ಅಲ್ಪ ಕಾಲಾವಕಾಶವಿರುತ್ತದೆ. ನಂತರ ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟಿನ ಪ್ರತಿ, ಫೋಟೊ ಮತ್ತು ವೈದ್ಯಕೀಯ ಒಪ್ಪಿಗೆ ಪತ್ರವನ್ನು ಕೊಟ್ಟರೆ ಆಟಗಾರರ ಕಾರ್ಡ್ ಸಿದ್ಧವಾಗುತ್ತದೆ. ಸಹಿ ಹಾಕುವ ಮುನ್ನ ಶುಲ್ಕ ಮರುಪಾವತಿಯ ನಿಯಮವನ್ನು ಓದಿ. ಅನೇಕ ಕ್ಲಬ್ಬುಗಳಲ್ಲಿ ಒಪ್ಪಂದ ಇಡೀ ವರ್ಷದ್ದಾಗಿರುತ್ತದೆ.

ಇನ್ನು ಸ್ಕಾಲರ್‌ಶಿಪ್ಪಿನ ವಿಷಯ. ಒಂಬತ್ತರ ವಯಸ್ಸಿನಲ್ಲಿ ದೊಡ್ಡ ಕ್ಲಬ್ಬಿಗೆ ಕಟ್ಟಿದ ಹಣ ಹದಿನೆಂಟರಲ್ಲಿ ಕಾಲೇಜು ಶುಲ್ಕವಾಗಿ ಮರಳುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಮಗಳ ಆಟವನ್ನು ಕಣ್ಣಾರೆ ನೋಡುವುದಕ್ಕಿಂತ ಮೊದಲೇ ಲೆಕ್ಕಾಚಾರ ಆರಂಭವಾಗಿರುತ್ತದೆ. ಆ ಲೆಕ್ಕವನ್ನೇ ಒಮ್ಮೆ ಸರಿಯಾಗಿ ಮಾಡೋಣ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ನಿಯಮದಂತೆ ಅತ್ಯುನ್ನತ ಹಂತವಾದ ಡಿವಿಷನ್ 1ರ ಒಂದು ಮಹಿಳಾ ಸಾಕರ್ ತಂಡ ಬಹುಕಾಲ ಕೊಡಬಹುದಾಗಿದ್ದ ಗರಿಷ್ಠ ಪೂರ್ಣ ಸ್ಕಾಲರ್‌ಶಿಪ್‌ಗಳು 14; ಪುರುಷರ ತಂಡಕ್ಕೆ ಕೇವಲ 9.9. ಇದು ಪ್ರತಿ ವರ್ಷ ಹೊಸದಾಗಿ ಸಿಗುವ ಸಂಖ್ಯೆಯಲ್ಲ, ನಾಲ್ಕೂ ವರ್ಷದ ವಿದ್ಯಾರ್ಥಿಗಳಿರುವ ಇಡೀ ತಂಡಕ್ಕೆ ಸೇರಿದ ಒಟ್ಟು ಮೊತ್ತ. ತರಬೇತುದಾರರು ಅದನ್ನು ತುಂಡು ಮಾಡಿ ಹಲವರಿಗೆ ಹಂಚುತ್ತಿದ್ದರು. ಒಬ್ಬಳಿಗೆ ಅರ್ಧ, ಇನ್ನೊಬ್ಬಳಿಗೆ ಕಾಲು, ಮತ್ತೊಬ್ಬಳಿಗೆ ಪುಸ್ತಕದ ಖರ್ಚು ಮಾತ್ರ. ಎಷ್ಟೋ ಕಾಲೇಜುಗಳು ಆ ಮಿತಿಯವರೆಗೂ ಹಣ ಕೊಡುತ್ತಲೇ ಇರಲಿಲ್ಲ.

ಕಾಲೇಜು ಆಟಗಾರರ ಮೊಕದ್ದಮೆಯಲ್ಲಿ 2025ರಲ್ಲಿ ಆದ ನ್ಯಾಯಾಲಯದ ಒಪ್ಪಂದದ ನಂತರ ಈ ಮಿತಿ ಹೋಗಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹೌದು, ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ, ತಂಡದಲ್ಲಿ ಹೆಚ್ಚೆಂದರೆ 28 ಆಟಗಾರರು ಎಂಬ ಮಿತಿ ಬಂದಿದೆ. ಆದರೆ ಕೊಡಬಹುದು ಎಂಬುದು ಕೊಡಲೇಬೇಕು ಎಂದಾಗುವುದಿಲ್ಲ. ಕ್ರೀಡಾ ವಿಭಾಗಗಳ ಹಣದ ಬಹುಭಾಗವನ್ನು ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಸೆಳೆದುಕೊಳ್ಳುತ್ತವೆ. ಇನ್ನು ಡಿವಿಷನ್ 3ರ ಕಾಲೇಜುಗಳಾಗಲಿ, ನಮ್ಮವರು ಸದಾ ಕನಸು ಕಾಣುವ ಐವಿ ಲೀಗ್ ವಿಶ್ವವಿದ್ಯಾಲಯಗಳಾಗಲಿ ಕ್ರೀಡೆಗಾಗಿ ಒಂದು ಡಾಲರ್ ಸ್ಕಾಲರ್‌ಶಿಪ್ಪನ್ನೂ ಕೊಡುವುದಿಲ್ಲ. ಎಂಟೊಂಬತ್ತು ವರ್ಷಗಳ ಕ್ಲಬ್ ಶುಲ್ಕ, ಟೂರ್ನಮೆಂಟ್ ಹೋಟೆಲು, ವಿಮಾನದ ಟಿಕೆಟುಗಳ ಹಣವನ್ನು ಕಾಲೇಜು ಖರ್ಚಿಗೆಂದೇ ಇರುವ 529 ಉಳಿತಾಯ ಖಾತೆಗೆ ಹಾಕಿದವರಿಗೆ ಕಾಲೇಜು ಶುಲ್ಕಕ್ಕೆ ಖಚಿತವಾಗಿ ಏನಾದರೂ ಉಳಿಯುತ್ತದೆ. ಸಾಕರ್‌ಗೆ ಹಾಕಿದ ಹಣ ಸಾಕರ್‌ಗಾಗಿಯೇ ಹೋಗಲಿ. ಮಗು ಆಡುವ ಸಂತೋಷಕ್ಕೆ ಅಷ್ಟು ಖರ್ಚು ಮಾಡುವುದು ನ್ಯಾಯವೇ.

ಅವಸರವೂ ಅನಗತ್ಯ. ಡಿವಿಷನ್ 1ರ ಸಾಕರ್ ತರಬೇತುದಾರರು ಒಬ್ಬ ವಿದ್ಯಾರ್ಥಿನಿಯನ್ನು ತಂಡಕ್ಕಾಗಿ ಸಂಪರ್ಕಿಸುವಂತಿರುವುದು ಆಕೆಯ ಹತ್ತನೆಯ ತರಗತಿ ಮುಗಿದ ಮೇಲೆ, ಜೂನ್ 15ರಿಂದ. ನಿಮ್ಮ ಮಗಳಿಗೆ ಅದು ಇನ್ನೂ ಹಲವು ವರ್ಷ ದೂರವಿದೆ. ಅಷ್ಟರಲ್ಲಿ ಇಂದಿನ ಪ್ರತಿಷ್ಠಿತ ಲೀಗು ಇರುತ್ತದೆಯೋ ಇಲ್ಲವೋ ಎಂದು ಯಾರೂ ಹೇಳಲಾರರು: ಯುಎಸ್ ಸಾಕರ್ ಸಂಸ್ಥೆಯೇ 2007ರಲ್ಲಿ ಹುಡುಗರಿಗಾಗಿ ಆರಂಭಿಸಿದ ಡೆವಲಪ್‌ಮೆಂಟ್ ಅಕಾಡೆಮಿ 2020ರ ಏಪ್ರಿಲ್‌ನಲ್ಲಿ ಮುಚ್ಚಿತು, 2017ರಲ್ಲಿ ಬಂದ ಹುಡುಗಿಯರ ವಿಭಾಗವೂ ಅದರೊಡನೆಯೇ ಮುಗಿಯಿತು. ಆ ಲಾಂಛನಕ್ಕಾಗಿ ಊರ ಕ್ಲಬ್ ಬಿಟ್ಟುಹೋದ ಕುಟುಂಬಗಳು ಮತ್ತೆ ಹೊಸ ಲಾಂಛನ ಹುಡುಕಬೇಕಾಯಿತು.

ಊರಿನ ಕ್ಲಬ್ ಎಂದರೆ ಆಟದಲ್ಲಿ ಬಿಗಿಯಿಲ್ಲ ಎಂಬ ಅನುಮಾನ ಉಳಿದಿದ್ದರೆ ನಾರ್ವೆಯ ಬ್ರಿನೆ ಎಂಬ ಸಣ್ಣ ಪಟ್ಟಣದ ಕ್ಲಬ್ಬನ್ನು ನೋಡಿ. ಅಲ್ಲಿ ಸುಮಾರು 40 ಮಕ್ಕಳ ಒಂದು ಗುಂಪನ್ನು ಬೇಗನೆ ಸೋಸಿ ಬಿಡದೆ, ಚುರುಕಾದವರನ್ನೂ ನಿಧಾನವಾದವರನ್ನೂ ಜೊತೆಯಲ್ಲಿಟ್ಟುಕೊಂಡೇ ವರ್ಷಗಟ್ಟಲೆ ಬೆಳೆಸಿದರು. ಅದರಿಂದ ಆರು ಮಂದಿ ವೃತ್ತಿಪರ ಆಟಗಾರರಾದರು. ಅವರಲ್ಲಿ ಒಬ್ಬ ವಿಶ್ವವಿಖ್ಯಾತ ಗೋಲುಗಾರ ಎರ್ಲಿಂಗ್ ಹಾಲಾಂಡ್. ಎಲ್ಲ ಊರುಗಳಲ್ಲೂ ಹಾಲಾಂಡ್ ಹುಟ್ಟುವುದಿಲ್ಲ, ಆದರೆ ಎಲ್ಲರನ್ನೂ ಆಡಿಸುವುದಕ್ಕೂ ಉತ್ತಮವಾಗಿ ಆಡುವುದಕ್ಕೂ ವಿರೋಧವಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಹಾಗೆಂದು ಸಮುದಾಯ ಎಂಬ ಮಾತನ್ನು ಫಲಕದ ಮೇಲೆ ಕಂಡ ಕೂಡಲೇ ನಂಬಬೇಡಿ. ಕ್ಲಬ್ ಲಾಭರಹಿತ ಸಂಸ್ಥೆಯೇ, ಆಡಳಿತ ಮಂಡಳಿಯಲ್ಲಿ ತಂದೆತಾಯಿಗಳು ಇದ್ದಾರೆಯೇ, ಶುಲ್ಕ ಕಟ್ಟಲಾಗದ ಮನೆಯ ಮಕ್ಕಳಿಗೆ ನೆರವು ಕೊಡುತ್ತಾರೆಯೇ ಎಂದು ಕೇಳಿ. ಪ್ರತಿ ಪಂದ್ಯದಲ್ಲಿ ಪ್ರತಿ ಮಗುವಿಗೆ ಕನಿಷ್ಠ ಎಷ್ಟು ಹೊತ್ತು ಆಟ ಸಿಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ತರಬೇತುದಾರರ ಪರವಾನಗಿ, ಹಿನ್ನೆಲೆ ತಪಾಸಣೆ ಮತ್ತು ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಸೇಫ್‌ಸ್ಪೋರ್ಟ್ ತರಬೇತಿಯ ಬಗ್ಗೆ ಕೇಳಲು ಸಂಕೋಚ ಬೇಡ. ಮಕ್ಕಳ ರಕ್ಷಣೆಗಾಗಿ 2018ರಲ್ಲಿ ಕಾನೂನೇ ಬಂದಿದೆ. ಒಂಬತ್ತು ವರ್ಷದವರು ಆಡುವುದು ಏಳು ಜನರ ತಂಡದಲ್ಲಿ, ಚಿಕ್ಕ ಮೈದಾನದಲ್ಲಿ. ಅಲ್ಲಿಯೂ ಒಂದು ಮಗುವನ್ನು ಪಂದ್ಯವಿಡೀ ಬೆಂಚಿನ ಮೇಲೆ ಕೂರಿಸುವ ತರಬೇತುದಾರರಿದ್ದರೆ ಆ ಕ್ಲಬ್ ಎಷ್ಟೇ ಟ್ರೋಫಿ ಗೆದ್ದಿದ್ದರೂ ಬೇಡ. ಮತ್ತೆ ನೀವೂ ದುಡಿಯಬೇಕು: ಗೋಲು ಬಲೆ ಕಟ್ಟುವುದು, ಮೈದಾನಕ್ಕೆ ಗೆರೆ ಹಾಕುವುದು, ತಂಡದ ವ್ಯವಸ್ಥಾಪಕರಾಗುವುದು. ಊರಿನ ಕ್ಲಬ್ ನಿಂತಿರುವುದೇ ಈ ಸ್ವಯಂಸೇವೆಯ ಮೇಲೆ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸಬೇಕು, ಏಕೆಂದರೆ ಟ್ರೈಔಟ್‌ನಲ್ಲಿ ಮಗುವಿನ ಭಾಗ್ಯವನ್ನು ಎಷ್ಟೋ ಬಾರಿ ಹುಟ್ಟಿದ ತಿಂಗಳು ನಿರ್ಧರಿಸುತ್ತದೆ. ಕಳೆದ ಒಂದು ದಶಕದಿಂದ ಇಲ್ಲಿ ವಯೋಗುಂಪುಗಳನ್ನು ಜನವರಿ 1ರ ಲೆಕ್ಕದಲ್ಲಿ ಮಾಡುತ್ತಿದ್ದರು. ಇದರಿಂದ ಜನವರಿಯಲ್ಲಿ ಹುಟ್ಟಿದ ಮಗು ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದಾಗಿರುತ್ತಿತ್ತು, ಆ ಎತ್ತರ ಮತ್ತು ಓಟವನ್ನೇ ಆಯ್ಕೆಗಾರರು ಪ್ರತಿಭೆ ಎಂದು ಎಣಿಸುತ್ತಿದ್ದರು. ಜೊತೆಗೆ ಶರತ್ಕಾಲದ ಮಕ್ಕಳು ಸಹಪಾಠಿಗಳಿಂದ ಬೇರೆಯಾಗಿ, ಎಂಟನೆಯ ತರಗತಿಗೆ ಬಂದಾಗ ತಂಡದ ಉಳಿದವರು ಹೈಸ್ಕೂಲ್ ಸಾಕರ್‌ಗೆ ಹೋಗಿಬಿಟ್ಟು ಒಂಟಿಯಾಗುತ್ತಿದ್ದರು. 2026-27ರ ಸೀಸನ್ನಿನಿಂದ ಯುಎಸ್ ಯೂತ್ ಸಾಕರ್, ಯುಎಸ್ ಕ್ಲಬ್ ಸಾಕರ್ ಮತ್ತು ಎವೈಎಸ್ಒ ಎಂಬ ಮಕ್ಕಳ ಸಾಕರ್ ಸಂಸ್ಥೆಗಳು ವಯೋಗುಂಪಿನ ಲೆಕ್ಕವನ್ನು ಆಗಸ್ಟ್ 1ರಿಂದ ಜುಲೈ 31ಕ್ಕೆ ಬದಲಿಸಿವೆ. ಈಗ ತರಗತಿಯ ಗೆಳತಿಯರು ಬಹುಮಟ್ಟಿಗೆ ಒಂದೇ ಗುಂಪಿನಲ್ಲಿರುತ್ತಾರೆ, ಆದರೆ ಅತಿ ಚಿಕ್ಕವರಾಗುವ ಸರದಿ ಜೂನ್, ಜುಲೈ ಮಕ್ಕಳದ್ದು. ನಿಮ್ಮ ಮಗಳ ಜನ್ಮದಿನ ಆ ತಿಂಗಳುಗಳಲ್ಲಿದ್ದು ಈ ಬಾರಿ ಎರಡನೆಯ ತಂಡದಲ್ಲಿ ಸ್ಥಾನ ಬಂದರೆ ಬೇಸರಿಸದೆ ಒಪ್ಪಿಕೊಳ್ಳಿ. ನೋಂದಣಿಗೆ ಮುನ್ನ ಅವಳು ಯಾವ ಗುಂಪಿಗೆ ಸೇರುತ್ತಾಳೆಂದು ಕ್ಲಬ್ಬಿನ ರಿಜಿಸ್ಟ್ರಾರ್ ಅವರನ್ನು ಕೇಳಿ ಖಚಿತಪಡಿಸಿಕೊಳ್ಳಿ.