ಸಾರಾಂಶ ಆಮೇಲೆ, ಮೊದಲು ಕವಿತೆ ಓದಿ

ಪಿಟಿಎ ಸಭೆ ಬಂತೆಂದರೆ ಈ ಬೇಡಿಕೆ ಇದ್ದದ್ದೇ. "ಟೀಚರೇ, ನಮ್ಮ ಮಕ್ಕಳದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಪದ್ಯ ಅವಕ್ಕೆ ಎಲ್ಲಿ ಅರ್ಥ ಆಗ್ತದೆ? ಸಾರಾಂಶ ಬರೆಸಿಬಿಡಿ, ಸಾಕು." ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳುವ ಮಾತು, ಗೊತ್ತು. ಆದರೂ ಕೇಳಿದಾಗಲೆಲ್ಲ ನನಗೆ ತಡೆಯಲು ಆಗುವುದಿಲ್ಲ. ಸಾರಾಂಶ ಓದಿದ ಮಗು ಕವಿತೆ ಓದಿಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಕಾಸರಗೋಡಿನ ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ನಮ್ಮ ಕಡೆ ಆಟ ನೋಡಲು ಕೂತವರಲ್ಲಿ ಶೂರ್ಪನಖಿಯ ಮೂಗು ಹೋಗುತ್ತದೆ ಎಂದು ಗೊತ್ತಿಲ್ಲದವರು ಯಾರು? ಆದರೂ ನಿದ್ದೆಗೆಟ್ಟು ಕೂರುತ್ತಾರೆ. ಭಾಗವತರು ಆ ಪದ ಹೇಗೆ ಹೇಳುತ್ತಾರೆ, ಚೆಂಡೆ ಎಲ್ಲಿ ಏರುತ್ತದೆ ಎಂದು ಕಾಯುತ್ತಾರೆ. ಕಥೆಯನ್ನು ಚೀಟಿಯಲ್ಲಿ ಬರೆದು ಕೊಟ್ಟು ಮನೆಗೆ ಹೋಗಿ ಅಂದರೆ ಯಾರೂ ಒಪ್ಪುವುದಿಲ್ಲ, ಅಲ್ವಾ? ಇಂಗ್ಲಿಷ್ ಕವಿತೆಗೆ ಮಾತ್ರ ಆ ಚೀಟಿ ಹೇಗೆ ಸಾಕಾಗುತ್ತದೆ?

ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಹಿಮದ ಸಂಜೆಯ ಬಗ್ಗೆ ಬರೆದ ಹದಿನಾರು ಸಾಲಿನ ಕವಿತೆ ತೆಗೆದುಕೊಳ್ಳಿ. ಗೈಡ್‌ನಲ್ಲಿ ಇಷ್ಟೇ ಇರುತ್ತದೆ: ಕಾಡಿನ ಚೆಲುವು ಕವಿಯನ್ನು ಸೆಳೆಯುತ್ತದೆ, ಕರ್ತವ್ಯ ಕರೆಯುತ್ತದೆ. ತಪ್ಪೇನೂ ಇಲ್ಲ. ಆದರೆ ಗಟ್ಟಿಯಾಗಿ ಓದಿ ನೋಡಿ. ಪ್ರತಿ ಚರಣದಲ್ಲಿ ಒಂದು, ಎರಡು, ನಾಲ್ಕನೇ ಸಾಲಿಗೆ ಒಂದೇ ಪ್ರಾಸ, ಮೂರನೆಯದಕ್ಕೆ ಬೇರೆ. ಆ ಬೇರೆ ಪ್ರಾಸವನ್ನೇ ಮುಂದಿನ ಚರಣ ಎತ್ತಿಕೊಳ್ಳುತ್ತದೆ. ಹಾಗೆ ಕವಿತೆ ಮುಂದೆ ಸಾಗುತ್ತಾ ಇರುತ್ತದೆ. ಕೊನೆಯ ಚರಣಕ್ಕೆ ಬಂದಾಗ ನಾಲ್ಕೂ ಸಾಲಿಗೆ ಒಂದೇ ಪ್ರಾಸ. ಕಡೆಯ ಎರಡು ಸಾಲಂತೂ ಅಕ್ಷರ ವ್ಯತ್ಯಾಸವಿಲ್ಲದೆ ಒಂದೇ: ಮಲಗುವ ಮೊದಲು ಇನ್ನೂ ಮೈಲುಗಟ್ಟಲೆ ಹೋಗಬೇಕು. ಮುಂದೆ ಹೋಗಬೇಕು ಅನ್ನುವವನ ಮಾತು ಅಲ್ಲೇ ನಿಂತುಬಿಡುತ್ತದೆ. ಯಾಕೆ?

ಒಮ್ಮೆ ಹೀಗೆ ಕೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಎರಡನೇ ಸಲ ಹೇಳುವಾಗ ಅವನಿಗೆ ನಿದ್ದೆ ಬರ್ತಾ ಉಂಟು ಟೀಚರ್" ಅಂದಳು. ಅದೇ ಸರಿಯಾದ ಉತ್ತರ ಎಂದು ನಾನು ಹೇಳಲಾರೆ. ಆದರೆ ಅವಳು ಕವಿತೆಯನ್ನು ಕಿವಿಯಿಂದ ಕೇಳಿದ್ದಳು. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಮಾತಾಡುವ ಮಗು ಅದು. ಒಂದೆರಡು ಶಬ್ದ ಗೊತ್ತಿಲ್ಲದಿದ್ದರೂ ಧಾಟಿ ಹಿಡಿದು ಅರ್ಥಕ್ಕೆ ಹೋಗುವುದು ಇಂಥ ಮಕ್ಕಳಿಗೆ ಚಿಕ್ಕಂದಿನಿಂದ ಅಭ್ಯಾಸ. ಈ ಶಕ್ತಿಯನ್ನು ನಾವು ದೊಡ್ಡವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪ್ರಾಸವೂ ಅವರಿಗೆ ಹೊಸದಲ್ಲ. ಮಂಜೇಶ್ವರದ ಗೋವಿಂದ ಪೈಗಳು ಪ್ರಾಸ ಬಿಟ್ಟು ಬರೆದ ವಿಷಯ ಕನ್ನಡ ತರಗತಿಯಲ್ಲೇ ಕೇಳಿರುತ್ತಾರೆ.

ಹಿಮವನ್ನೇ ಕಾಣದ ಮಕ್ಕಳಿಗೆ ಇದೆಲ್ಲ ಯಾಕೆ ಅನ್ನುವವರೂ ಇದ್ದಾರೆ. ಫ್ರಾಸ್ಟ್ ಇದನ್ನು ಬರೆದದ್ದು 1922ರ ಜೂನ್‌ನಲ್ಲಿ, ಅವರ ಊರಿನ ಬೇಸಿಗೆಯಲ್ಲಿ. ರಾತ್ರಿಯಿಡೀ ಬೇರೊಂದು ಕವಿತೆ ಬರೆದು, ಬೆಳಿಗ್ಗೆ ಇದನ್ನು ಬರೆದರು. ಕಣ್ಣೆದುರು ಹಿಮ ಅವರಿಗೂ ಇರಲಿಲ್ಲ.

ಕಾದಂಬರಿಯ ಕಥೆಯೂ ಇದೇ. ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್' ಶುರುವಾಗುವುದು ಸ್ಮಶಾನದಲ್ಲಿ. ಪಿಪ್ ಎಂಬ ಹುಡುಗ ಅಪ್ಪ ಅಮ್ಮನನ್ನು ನೋಡಿಯೇ ಇಲ್ಲ. ಸಮಾಧಿ ಕಲ್ಲಿನ ಅಕ್ಷರಗಳ ಆಕಾರ ನೋಡಿ, ಅಪ್ಪ ಚೌಕ ಮೈಕಟ್ಟಿನ, ಗುಂಗುರು ಕೂದಲಿನ ಕಪ್ಪು ಮನುಷ್ಯ ಇರಬೇಕು ಅಂದುಕೊಳ್ಳುತ್ತಾನೆ. ಸಾರಾಂಶದಲ್ಲಿ ಇದು 'ಪಿಪ್ ಅನಾಥ' ಅಂತ ಎರಡೇ ಶಬ್ದವಾಗುತ್ತದೆ. ಆ ಕಲ್ಲಿನ ಭಾಗ ಓದಿದರೆ ತರಗತಿ ತಾನಾಗಿ ಸುಮ್ಮನಾಗುತ್ತದೆ. ಈ ಕಾದಂಬರಿ 1860ರ ಡಿಸೆಂಬರ್‌ನಿಂದ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂದದ್ದು. ಹಾಗಾಗಿ ನಾನೂ ವಾರಕ್ಕೆ ಸ್ವಲ್ಪ ಓದಿ, ಕೈದಿ ಪಿಪ್‌ನನ್ನು ಹಿಡಿಯುವಂಥ ಜಾಗದಲ್ಲಿ ನಿಲ್ಲಿಸುತ್ತೇನೆ. "ಮುಂದೆ ಎಂತ ಆಯ್ತು ಟೀಚರ್?" ಅಂತ ವರಾಂಡದವರೆಗೂ ಬರುತ್ತಾರೆ.

ಎಲ್ಲ ತರಗತಿಗೂ ಇದು ಹೀಗೆಯೇ ನಡೆಯುತ್ತದೆ ಎಂದು ಭರವಸೆ ಕೊಡಲಾರೆ. ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಮಕ್ಕಳಿಗೆ ಮೊದಲು ಬೇರೆ ಸಹಾಯ ಬೇಕು. ಎಸ್ಸೆಸ್ಸೆಲ್ಸಿ ಅಂಕವೂ ಮುಖ್ಯ, ನೋಟ್ಸ್ ನಾನೂ ಕೊಡುತ್ತೇನೆ. ಆದರೆ ಅದು ಎರಡು ಸಲ ಗಟ್ಟಿಯಾಗಿ ಓದಿ, ಮಕ್ಕಳು ತಮಗೆ ತೋಚಿದ್ದನ್ನು ಹೇಳಿದ ಮೇಲೆ. ಮನೆಯವರಲ್ಲಿ ಕೇಳುವುದೂ ಇಷ್ಟೇ. ಗೈಡ್ ಬೇಕಾದರೆ ಪಾಠ ಮುಗಿದ ಮೇಲೆ ಕೊಡಿಸಿ. ಅದಕ್ಕೆ ಮೊದಲು ಒಂದು ಸಂಜೆ, ಆ ಕವಿತೆಯನ್ನು ನಿಮ್ಮ ಮುಂದೆ ಓದಲು ಹೇಳಿ. ನಿಮಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ, ಸುಮ್ನೆ ಕೂತು ಕೇಳಿ.