ದೊಡ್ಡ ತೆರೆಗೆ ತಯಾರಿ ಸಪ್ಪೆ ಕಡಲಿನಲ್ಲಿ

ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ಮಂಗಳೂರಿನ ಬಳಿಯ ಸಸಿಹಿತ್ಲಿನಲ್ಲಿ ಸರ್ಫಿಂಗ್ ಕಲಿಯುವ ಹುಡುಗರದ್ದು ಒಂದೇ ದೂರು: "ಸರ್, ತೆರೆಯೇ ಇಲ್ಲ." ಮೊಣಕಾಲೆತ್ತರದ ತೆರೆ ಅವರ ಲೆಕ್ಕಕ್ಕಿಲ್ಲ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಇದೇ ದಂಡೆಗೆ ಬಂದದ್ದು ಮೇ ತಿಂಗಳಲ್ಲಿ, ಕಡಲು ಏಳುವ ಹೊತ್ತಿಗೆ. ಆ ಚಿತ್ರವೇ ಅವರ ಕಣ್ಣಲ್ಲಿ ಕೂತಿದೆ. ಆದರೆ ಮೇಯಲ್ಲಿ ತೆರೆಯ ಮೇಲೆ ನಿಲ್ಲಬೇಕಾದವರು ತಯಾರಾಗಬೇಕಾದ್ದು ಡಿಸೆಂಬರಿನಲ್ಲೇ.

ಪಾಪ್‌ಅಪ್ ಅನ್ನೇ ನೋಡಿ, ಅಂದರೆ ಬೋರ್ಡಿನ ಮೇಲೆ ಮಲಗಿದವನು ಒಂದೇ ಏಟಿಗೆ ಎದ್ದು ನಿಲ್ಲುವುದು. ಅಂಗೈ ಪಕ್ಕೆಲುಬಿನ ಬಳಿ ಚಪ್ಪಟೆಯಾಗಿ ಊರಬೇಕು, ಅಂಚು ಹಿಡಿಯಬಾರದು. ಮುಂಗಾಲು ಎರಡು ಕೈಗಳ ನಡುವೆ ಬರಬೇಕು. ಕಣ್ಣು ಪಾದ ಬಿಟ್ಟು ಮುಂದಕ್ಕಿರಬೇಕು. ದೊಡ್ಡ ತೆರೆಯಲ್ಲಿ ಇಷ್ಟಕ್ಕೂ ಸಿಗುವುದು ಒಂದೆರಡು ಸೆಕೆಂಡು. ಹೆದರಿದ ಮೈ ಹೊಸ ಪಾಠ ಕೇಳುವುದಿಲ್ಲ, ಹಳೆಯ ರೂಢಿಗೆ ಮರಳುತ್ತದೆ. ಮೊದಲು ಮೊಣಕಾಲೂರುವವನು ಅಲ್ಲೂ ಮೊಣಕಾಲನ್ನೇ ಊರುತ್ತಾನೆ, ಬೋರ್ಡಿನ ಮೂತಿ ನೀರಿಗೆ ಹೋಗುತ್ತದೆ. ಹಾಗೆ ಬಿದ್ದಷ್ಟೂ ಆ ತಪ್ಪು ಗಟ್ಟಿಯಾಗುತ್ತದೆ. ಅದಕ್ಕೇ ಸೊಂಟದಾಳದ ನೀರು, ಒಡೆದು ಬಂದ ನೊರೆ, ಒಂಬತ್ತಡಿಯ ಮೆತ್ತನೆಯ ಬೋರ್ಡು. ಹಿಂದಿನಿಂದ ನಾನೇ ತಳ್ಳುತ್ತೇನೆ. ತನ್ನ ಕೈ ಎಲ್ಲಿದೆ ಎಂದು ಗಮನಿಸುವಷ್ಟು ವ್ಯವಧಾನ ಆಗ ಸಿಗುತ್ತದೆ. ಒಂದು ದಿನ ಕೈ ಮಾತ್ರ ತಿದ್ದುತ್ತೇನೆ, ಇನ್ನೊಂದು ದಿನ ನೋಟ ಮಾತ್ರ.

ಇನ್ನು ಪ್ಯಾಡ್ಲಿಂಗ್. ಸರ್ಫರ್ ನೀರಿನಲ್ಲಿರುವ ಸಮಯದಲ್ಲಿ ಹೆಚ್ಚುಕಡಿಮೆ ಅರ್ಧ ಕೈಯಲ್ಲಿ ನೀರೆಳೆಯುವುದಕ್ಕೇ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲು ತೆರೆಗೆ ಕಾಯುವುದು. ನಿಂತು ಸವಾರಿ ಮಾಡುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಆ ಅರ್ಧವನ್ನು ಶಾಂಭವಿ ಹೊಳೆಯಲ್ಲೇ ಕಲಿಯಬಹುದು. ಮಲಗಿದ್ದು ತುಸು ಹಿಂದಾದರೆ ಮೂತಿ ಮೇಲೆದ್ದು ಬೋರ್ಡು ನೀರನ್ನು ದೂಡುತ್ತಾ ಎಳೆಯುತ್ತದೆ. ಹೊಳೆಯಲ್ಲಿ ಇದು ಕೂಡಲೇ ಗೊತ್ತಾಗುತ್ತದೆ, ಕಡಲಲ್ಲಾದರೆ ತೆರೆಯದ್ದೇ ತಪ್ಪು ಅನಿಸಿಬಿಡುತ್ತದೆ.

ಕಡಲಿನ ಪಾಠಕ್ಕೆ ಈ ತಿಂಗಳುಗಳಲ್ಲಿ ಬೆಳಗ್ಗೆಯೇ ಬನ್ನಿ. ರಾತ್ರಿ ತಣಿದ ನೆಲದಿಂದ ಕಡಲ ಕಡೆಗೆ ಬೀಸುವ ಗಾಳಿ ತೆರೆಯ ಮುಖವನ್ನು ನಯವಾಗಿಡುತ್ತದೆ. ಬಿಸಿಲೇರಿ ಗಾಳಿ ತಿರುಗಿದರೆ ನೀರೆಲ್ಲ ಕಲಕಿಹೋಗುತ್ತದೆ.

ಹಾಗಂತ ನೊರೆಯಲ್ಲೇ ಉಳಿದುಬಿಡುವುದೂ ನನಗೆ ಒಪ್ಪಿಗೆಯಿಲ್ಲ. ತೆರೆ ಎಲ್ಲಿ ಒಡೆಯುತ್ತದೆ, ಯಾವ ಕಡೆಗೆ ತೆರೆದುಕೊಳ್ಳುತ್ತದೆ ಎಂಬುದನ್ನು ಹೊಳೆ ಕಲಿಸಲಾರದು. ನನ್ನ ಪರೀಕ್ಷೆ ಸರಳ: ನಾನು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತಲೇ ಹುಡುಗಿ ಸರಿಯಾಗಿ ಎದ್ದು ನಿಂತಳು ಅಂದರೆ ಅವಳನ್ನು ಹೊರಗಿನ ತೆರೆಗೆ ಕರೆದೊಯ್ಯುತ್ತೇನೆ. ಕೇವಲ ಧೈರ್ಯ ನೋಡಿ ಯಾರನ್ನೂ ಒಯ್ಯುವುದಿಲ್ಲ.

ಪೋಷಕರಿಗೆ ಒಂದು ಮಾತು. ಶಾಂತವಾಗಿ ಕಂಡ ನೀರೆಲ್ಲ ಸುಲಭವಲ್ಲ. ನಂದಿನಿ, ಶಾಂಭವಿ ಸೇರಿ ಕಡಲಿಗಿಳಿಯುವ ಅಳಿವೆ ಬಾಗಿಲಿನಲ್ಲಿ ಇಳಿತದ ಹೊತ್ತಿಗೆ ಮೇಲೆ ಅಲೆಯೇ ಕಾಣದಿದ್ದರೂ ಸೆಳೆತ ಜೋರಾಗಿರುತ್ತದೆ. ಮಕ್ಕಳ ಪ್ಯಾಡ್ಲಿಂಗ್ ಪಾಠ ಅಲ್ಲಿಂದ ಸಾಕಷ್ಟು ಮೇಲೆ, ಹೊಳೆಯ ಒಳಭಾಗದಲ್ಲಿ, ಭರತದ ಸಮಯ ನೋಡಿಕೊಂಡು ನಡೆಯಬೇಕು. ಕಾಲಿಗೆ ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ), ಮೈಗೆ ಲೈಫ್ ಜಾಕೆಟ್ ಇರಲೇಬೇಕು.